ಕೊಳದಂಚಿನ ಗಿಡ ಸೊರಗುತ್ತಿದೆಯೇ? ಮೊದಲು ಕುಂಡ ಎತ್ತಿ ನೋಡಿ

ಹಿತ್ತಲ ಕೊಳದ ಅಂಚಿನಲ್ಲಿ ನೆಟ್ಟ ಗಿಡ ಹಳದಿಯಾಗತೊಡಗಿದರೆ ಹೆಚ್ಚಿನವರು ಗೊಬ್ಬರ ಹುಡುಕುತ್ತಾರೆ, ಇಲ್ಲವೇ ಔಷಧಿ ಹೊಡೆಯುತ್ತಾರೆ. ಸದ್ಯಕ್ಕೆ ಎರಡೂ ಬೇಡ. ಈ ಗಿಡಗಳಿಗೆ ಬರುವ ತೊಂದರೆಗಳಲ್ಲಿ ನಿಜವಾದ ರೋಗ ನಾನು ಕಂಡಂತೆ ಕಡಿಮೆಯೇ. ಕುಂಡ ಎಷ್ಟು ಆಳದಲ್ಲಿ ಕೂತಿದೆ, ಬೇರಿಗೆ ಗಾಳಿ ಸಿಗುತ್ತಿದೆಯೇ, ಒಳಗಿರುವ ಮಣ್ಣು ಎಂಥದ್ದು, ನೀರಿನಲ್ಲಿ ಸುಣ್ಣ ಎಷ್ಟಿದೆ ಎಂದು ನೋಡಿದರೆ ಬಹುಪಾಲು ಕಾರಣ ಅಲ್ಲೇ ಸಿಕ್ಕಿಬಿಡುತ್ತದೆ. ತೊಂದರೆ ಕಾಣುವುದು ಎಲೆಯಲ್ಲಿ, ಇರುವುದು ಕೆಳಗೆ.

ಅಂಚಿನ ಗಿಡದ ಬೇರು ಸದಾ ಒದ್ದೆ ಮಣ್ಣಿನಲ್ಲೋ ತುಸು ನೀರಿನಡಿಯಲ್ಲೋ ಇರುತ್ತದೆ. ಎಲೆ, ಹೂವು ಗಾಳಿಯಲ್ಲಿರುತ್ತವೆ. ಬಜೆ, ಕೆಸು, ಜೊಂಡು, ಪ್ಯಾಪಿರಸ್, ಕ್ಯಾನಾ, ಹಳದಿ ಐರಿಸ್, ನೀಲಿ ಹೂವಿನ ಪಿಕರೆಲ್, ನೀರುಬ್ರಾಹ್ಮಿ, ಒಂದೆಲಗ ಎಲ್ಲ ಈ ಗುಂಪಿನವು. ತಾವರೆ, ನೈದಿಲೆಗಳ ವಿಷಯ ಬೇರೆ. ಅವನ್ನು ಇಲ್ಲಿ ಮುಟ್ಟುವುದಿಲ್ಲ.

ಏನನ್ನೂ ಬದಲಿಸುವ ಮೊದಲು

ಒಂದು ಸ್ಕೇಲು, ಒಂದು ಬಕೆಟ್, ಪಿಎಚ್ (ನೀರು ಎಷ್ಟು ಆಮ್ಲ, ಎಷ್ಟು ಕ್ಷಾರ ಎಂಬ ಅಳತೆ) ನೋಡುವ ಪಟ್ಟಿ, ಒಂದು ಹಳೆಯ ಚಾಕು. ಇಷ್ಟಿದ್ದರೆ ಪರೀಕ್ಷೆಗೆ ಸಾಕು.

ಮೊದಲು ಸ್ವಲ್ಪ ದೂರ ನಿಂತು ಇಡೀ ಕೊಳವನ್ನು ನೋಡಿ. ಸೊರಗಿರುವುದು ಒಂದೇ ಗಿಡವೋ, ಎಲ್ಲವೋ? ಒಂದೇ ಆದರೆ ತೊಂದರೆ ಆ ಕುಂಡದೊಳಗಿದೆ. ಬೇರೆ ಬೇರೆ ಜಾತಿಯ ಗಿಡಗಳು ಒಂದೇ ವಾರದಲ್ಲಿ ಕೆಟ್ಟರೆ ನೀರನ್ನು ಅನುಮಾನಿಸಿ. ಒಂದು ಬದಿಯ ಗಿಡಗಳು ಮಾತ್ರ ಮುರುಟಿದ್ದರೆ ಆ ಬದಿಯಲ್ಲಿ ಏನಿದೆ ನೋಡಿ. ಪಕ್ಕದ ಹುಲ್ಲುಹಾಸಿಗೆ ಹೊಡೆದ ಕಳೆನಾಶಕ ಗಾಳಿಯಲ್ಲಿ ತೇಲಿ ಬಂದಿರಬಹುದು. 2,4-ಡಿ ತಾಕಿದ ಗಿಡದಲ್ಲಿ ಎಲೆ ಹಳದಿಯಾಗುವುದಕ್ಕಿಂತ ಮೊದಲು ತಿರುಚಿಕೊಳ್ಳುತ್ತದೆ, ದಂಟು ಬಾಗಿ ಸುರುಳಿಯಾಗುತ್ತದೆ. ಅಗಲ ಎಲೆಯ ಗಿಡಗಳಿಗೆ ಪೆಟ್ಟು ಜಾಸ್ತಿ, ಹುಲ್ಲಿನ ಜಾತಿಯವಕ್ಕೆ ಕಡಿಮೆ.

ಆಮೇಲೆ ಕಳೆದ ಒಂದೆರಡು ತಿಂಗಳಲ್ಲಿ ಏನು ಬದಲಾಗಿದೆ ಎಂದು ನೆನಪು ಮಾಡಿಕೊಳ್ಳಿ. ಹೊಸ ಮೀನು ಬಿಟ್ಟಿರಾ? ಮೀನಿನ ಕಾಯಿಲೆಗೆ ಉಪ್ಪು ಹಾಕಿದಿರಾ? ಪಾಚಿಗೆ ಔಷಧಿ? ಅಂಚಿಗೆ ಹೊಸ ಸಿಮೆಂಟು? ನೆರಳು ಕೊಡುತ್ತಿದ್ದ ಮರ ಕಡಿದದ್ದು? ಇವುಗಳಲ್ಲಿ ಒಂದಕ್ಕೆ ಹೌದು ಎಂದರೆ ಅರ್ಧ ಕೆಲಸ ಮುಗಿದಂತೆ.

ಗಿಡ ತಂದು ನೆಟ್ಟು ಎರಡು ಮೂರು ವಾರ ಕೂಡ ಆಗಿಲ್ಲವಾದರೆ ಹಳೆಯ ಎಲೆಗಳನ್ನು ನೋಡಿ ಗಾಬರಿಯಾಗಬೇಡಿ. ನರ್ಸರಿಯಲ್ಲಿ ನೆರಳುಬಲೆಯಡಿ, ಬರೀ ಒದ್ದೆ ಮಣ್ಣಿನಲ್ಲಿ ಬೆಳೆದ ಎಲೆಗಳು ಹೊಸ ಬಿಸಿಲು, ಹೊಸ ಆಳಕ್ಕೆ ಒಗ್ಗದೆ ಉದುರುವುದು ಸಹಜ. ನೋಡಬೇಕಾದದ್ದು ಸುಳಿ. ನಿಮ್ಮ ಕೊಳಕ್ಕೆ ಬಂದ ಮೇಲೆ ಹುಟ್ಟಿದ ಎಲೆ ಹಸಿರಾಗಿ, ಗಟ್ಟಿಯಾಗಿ ಬರುತ್ತಿದ್ದರೆ ಗಿಡ ಚೆನ್ನಾಗಿದೆ. ಸುಮ್ನೆ ಬಿಟ್ಟುಬಿಡಿ.

ಬಾಡುವ ಗಿಡವನ್ನು ನಡುಮಧ್ಯಾಹ್ನ ನೋಡಿ ತೀರ್ಮಾನಕ್ಕೆ ಬರಬೇಡಿ. ಕೆಸುವಿನಂಥ ಅಗಲ ಎಲೆ ಬಿಸಿಲೇರಿದಾಗ ಜೋಲುತ್ತದೆ, ಸಂಜೆಗೆ ಎದ್ದು ನಿಲ್ಲುತ್ತದೆ. ಮುಂಜಾನೆಯ ತಂಪಿನಲ್ಲೂ ಜೋಲಿಕೊಂಡೇ ಇದ್ದರೆ ಬೇರು ನೀರು ಎಳೆಯುತ್ತಿಲ್ಲ ಎಂದರ್ಥ. ನೀರಲ್ಲೇ ನಿಂತ ಗಿಡ ಬಾಡುತ್ತದೆ ಎಂದರೆ ವಿಚಿತ್ರ ಅನ್ನಿಸುತ್ತದೆ ಅಲ್ವಾ? ಕೊಳೆತ ಬೇರಿಗೆ ಸುತ್ತ ಎಷ್ಟು ನೀರಿದ್ದರೂ ಪ್ರಯೋಜನವಿಲ್ಲ.

ಆಳ

ಆಳ ಅಳೆಯುವುದು ಕುಂಡದ ತಳದಿಂದಲ್ಲ. ಕುಂಡದ ಮಣ್ಣಿನ ಮೇಲ್ಮೈಯಿಂದ ನೀರಿನ ಮೇಲ್ಮೈವರೆಗೆ ಎಷ್ಟಿದೆ ಎಂಬುದೇ ಲೆಕ್ಕ. ಲೇಬಲ್ಲಿನಲ್ಲಿ "10 ಸೆಂ.ಮೀ. ಆಳ" ಎಂದಿದ್ದರೆ ಗಿಡದ ಬುಡದ ಮೇಲೆ 10 ಸೆಂ.ಮೀ. ನೀರು ನಿಲ್ಲಬಹುದು ಎಂದರ್ಥ. ಇದನ್ನು ತಳದಿಂದ ಅಳೆದು ಇಟ್ಟರೆ ಗಿಡದ ಬುಡ ನೀರಿನಿಂದ ಆಚೆ ಉಳಿದು ಒಣಗುತ್ತದೆ.

ಒಂದೆಲಗ, ನೀರುಬ್ರಾಹ್ಮಿಗಳಿಗೆ ಬುಡ ನೀರಿನ ಮಟ್ಟದಲ್ಲಿರಲಿ, ಇಲ್ಲವೇ ಮೇಲೆ 5 ಸೆಂ.ಮೀ. ಒಳಗೆ ನೀರಿರಲಿ. ಬಜೆ, ಕೆಸು, ಕ್ಯಾನಾಗಳಿಗೆ 15 ಸೆಂ.ಮೀ. ತನಕ ನಡೆಯುತ್ತದೆ, ಆದರೂ 5ರಿಂದ 10ರ ನಡುವೆ ಇಡುವುದು ನನಗೆ ಇಷ್ಟ. ಚೆನ್ನಾಗಿ ಬೇರೂರಿದ ಪಿಕರೆಲ್ ಮತ್ತು ಜೊಂಡು 30 ಸೆಂ.ಮೀ. ನೀರಿನಲ್ಲೂ ನಿಲ್ಲುತ್ತವೆ. ಇವು ಬಲಿತ ಗಿಡದ ಅಳತೆಗಳು. ಒಂದೆರಡು ಎಲೆಯ ಮರಿಗೆ ಇದರ ಅರ್ಧಕ್ಕಿಂತ ಕಡಿಮೆ ಕೊಡಿ.

ಆಳ ಜಾಸ್ತಿಯಾದ ಗಿಡವನ್ನು ಗುರುತಿಸುವುದು ಸುಲಭ. ಹೊಸ ಎಲೆ ನೀರಿನಿಂದ ಮೇಲೆ ಬರಲು ತಿಣುಕುತ್ತದೆ. ತೊಟ್ಟು ಉದ್ದ, ತೆಳು, ಬಿಳಿಚು. ಎಲೆ ಹಿಂದಿನದಕ್ಕಿಂತ ಚಿಕ್ಕದು. ಕೆಲವು ಸುಳಿಗಳು ನೀರೊಳಗೇ ಲೋಳೆಯಾಗುತ್ತವೆ. ಆಳ ಕಡಿಮೆಯಾದರೆ ಗಿಡ ಗಿಡ್ಡವಾಗಿ ಕೂರುತ್ತದೆ, ಎಲೆಯ ತುದಿ ಒಣಗುತ್ತದೆ, ಬೇರುಗಳು ಕುಂಡದ ಬಾಯಿ ದಾಟಿ ನೀರಿನ ಕಡೆ ಇಳಿಯುತ್ತವೆ.

ಕುಂಡ ಎತ್ತರಿಸಲು ಸುಟ್ಟ ಇಟ್ಟಿಗೆಯೋ ಮಗುಚಿ ಹಾಕಿದ ಹಳೆಯ ಕುಂಡವೋ ಸಾಕು. ಹೊಸ ಸಿಮೆಂಟ್ ಇಟ್ಟಿಗೆ ಬೇಡ, ಅದರಿಂದ ಸುಣ್ಣ ಬಿಡುತ್ತದೆ. ಇಳಿಸುವಾಗ ಮಾತ್ರ ಅವಸರ ಬೇಡ. ವಾರಕ್ಕೆ 3ರಿಂದ 5 ಸೆಂ.ಮೀ. ಇಳಿಸಿ. ಒಂದೇ ಸಲ ಮುಳುಗಿಸಿದರೆ ಗಾಳಿಗೆ ಒಗ್ಗಿದ ಎಲೆಗಳು ನೀರಡಿಯಲ್ಲಿ ಕೊಳೆಯುತ್ತವೆ. ನೀರುಬ್ರಾಹ್ಮಿ ನೀರೊಳಗೂ ಬದುಕುತ್ತದೆ ನಿಜ, ಆದರೆ ಅದಕ್ಕೆ ತಕ್ಕ ಹೊಸ ಎಲೆ ಹುಟ್ಟಲು ಸಮಯ ಬೇಕು.

ನೀವು ಇಟ್ಟ ಆಳ ಸರಿಯಿದ್ದರೂ ಕೊಳದ ನೀರು ಒಂದೇ ಮಟ್ಟದಲ್ಲಿ ನಿಲ್ಲುವುದಿಲ್ಲ ಎಂಬುದನ್ನೂ ಲೆಕ್ಕಕ್ಕೆ ಹಿಡಿಯಿರಿ. ಜೋರು ಬಿಸಿಲು, ಒಣಗಾಳಿಯಲ್ಲಿ ದಿನಕ್ಕೆ ಅರ್ಧ ಸೆಂಟಿಮೀಟರೋ ಅದಕ್ಕಿಂತ ಹೆಚ್ಚೋ ಇಳಿಯುತ್ತದೆ. ಸೋಮವಾರ ಸರಿಯಿದ್ದ ಒಂದೆಲಗ ಮುಂದಿನ ಸೋಮವಾರಕ್ಕೆ ನೀರಿನ ಮೇಲೆ ಕೂತಿರುತ್ತದೆ.

ಬೇರು ಕಪ್ಪಾಗಿದೆ, ಕೊಳೆತ ಮೊಟ್ಟೆಯ ವಾಸನೆ

ಈಗ ಕುಂಡ ಎತ್ತಿ. ಭಾರವಿದ್ದರೆ ಇಬ್ಬರು ಹಿಡಿಯಿರಿ, ಲೈನರ್ (ನೀರು ಸೋರದಂತೆ ಕೊಳದೊಳಗೆ ಹಾಸಿದ ಹಾಳೆ) ಮೇಲೆ ಎಳೆಯಬೇಡಿ. ಬಕೆಟ್ಟಿನ ಮೇಲೆ ಓರೆಯಾಗಿ ಹಿಡಿದು ಬೇರಿನ ಮುದ್ದೆಯನ್ನು ಜಾರಿಸಿ ಹೊರತೆಗೆಯಿರಿ.

ಒಳ್ಳೆಯ ಬೇರು ಬಿಳಿ ಅಥವಾ ಕೆನೆ ಬಣ್ಣ, ಹಿಡಿದರೆ ಗಟ್ಟಿ. ಕೆಲವು ಬೇರುಗಳ ಮೇಲೆ ತುಕ್ಕಿನಂಥ ಕಿತ್ತಳೆ ಲೇಪ ಕಾಣಿಸುತ್ತದೆ. ಇದನ್ನು ರೋಗ ಎಂದುಕೊಂಡು ಉಜ್ಜಿ ತೊಳೆಯುವವರಿದ್ದಾರೆ. ತೊಳೆಯಬೇಡಿ, ಅದು ಒಳ್ಳೆಯ ಲಕ್ಷಣ. ಗಿಡ ಎಲೆಯಿಂದ ಬೇರಿಗೆ ಆಮ್ಲಜನಕ ಇಳಿಸುತ್ತಿದೆ, ಅದರಲ್ಲಿ ಸ್ವಲ್ಪ ಬೇರಿನಿಂದ ಸೋರಿ ಸುತ್ತಲಿನ ಕೆಸರಿನ ಕಬ್ಬಿಣವನ್ನು ತುಕ್ಕು ಹಿಡಿಸಿದೆ. ಅಂದರೆ ಗಿಡದ ಉಸಿರಾಟ ಸರಿಯಿದೆ.

ಕಪ್ಪು ಬಣ್ಣ ಕಂಡ ಕೂಡಲೇ ಸತ್ತಿದೆ ಎನ್ನುವುದೂ ತಪ್ಪು. ಗಾಳಿಯಿಲ್ಲದ ಕೆಸರಿನಲ್ಲಿ ಕಬ್ಬಿಣ ಮತ್ತು ಗಂಧಕ ಸೇರಿ ಕಪ್ಪು ಬಣ್ಣ ಬರುತ್ತದೆ. ಹೊರಗೆ ಗಾಳಿಗಿಟ್ಟರೆ ಅದು ನಿಧಾನವಾಗಿ ಕಂದಾಗುತ್ತದೆ. ನಿಜವಾದ ಪರೀಕ್ಷೆ ಬೆರಳಿನದು. ಒಂದು ಬೇರನ್ನು ಎರಡು ಬೆರಳ ನಡುವೆ ಹಿಡಿದು ಎಳೆಯಿರಿ. ಮೇಲಿನ ಸಿಪ್ಪೆ ಲೋಳೆಯಾಗಿ ಜಾರಿ, ಒಳಗಿನ ನಾರು ಮಾತ್ರ ಕೈಯಲ್ಲಿ ಉಳಿದರೆ ಆ ಬೇರು ಹೋಯಿತು. ಹಾಗೇ ಗಟ್ಟಿಯಾಗಿ ನಿಂತರೆ ಬದುಕಿದೆ.

ಮೂಗಿಗೆ ಕೊಳೆತ ಮೊಟ್ಟೆಯ ವಾಸನೆ ಬಡಿದರೆ ಮಣ್ಣಿನೊಳಗೆ ಹೈಡ್ರೋಜನ್ ಸಲ್ಫೈಡ್ ತುಂಬಿದೆ ಎಂದರ್ಥ. ಇದು ಬೇರಿಗೆ ವಿಷ. ಕಾರಣ ಹೆಚ್ಚಾಗಿ ಒಂದೇ: ಕುಂಡಕ್ಕೆ ಕಾಂಪೋಸ್ಟ್, ಕೊಕೊಪೀಟ್, ಸಗಣಿ ಗೊಬ್ಬರ ಸೇರಿಸಿದ ಹೂಕುಂಡದ ಮಣ್ಣು ತುಂಬಿದ್ದು. ನೆಲದ ಮೇಲಿನ ಕುಂಡಕ್ಕೆ ಅದು ಒಳ್ಳೆಯದೇ. ನೀರಡಿಯಲ್ಲಿ ಅಲ್ಲ. ನೀರು ತುಂಬಿದ ಮಣ್ಣಿನೊಳಗಿನ ಆಮ್ಲಜನಕವನ್ನು ಸೂಕ್ಷ್ಮಜೀವಿಗಳು ಬೇಗ ಮುಗಿಸಿಬಿಡುತ್ತವೆ. ಕೊಳೆಯುವ ವಸ್ತು ಜಾಸ್ತಿ ಇದ್ದಷ್ಟೂ ಇದು ಬೇಗ. ಆಮೇಲೆ ಗಾಳಿ ಬೇಡದ ಜೀವಿಗಳ ಕಾಲ. ವಾಸನೆ, ಗುಳ್ಳೆ, ಕಪ್ಪು ಎಲ್ಲ ಅವುಗಳದೇ.

ನಿಮ್ಮ ಮಣ್ಣು ಎಂಥದ್ದು ಎಂದು ತಿಳಿಯಲು ಒಂದು ಹಿಡಿ ಮಣ್ಣನ್ನು ಗಾಜಿನ ಬಾಟಲಿಗೆ ಹಾಕಿ, ನೀರು ತುಂಬಿ, ಕುಲುಕಿ, ರಾತ್ರಿಯಿಡೀ ಬಿಡಿ. ಬೆಳಗ್ಗೆ ಮೇಲೆ ದಪ್ಪಗೆ ಕಸ ತೇಲುತ್ತಿದ್ದರೆ, ನೀರು ಚಹಾ ಬಣ್ಣಕ್ಕೆ ತಿರುಗಿದ್ದರೆ ಅದು ಕೊಳಕ್ಕೆ ತಕ್ಕದ್ದಲ್ಲ. ಬೇಕಿರುವುದು ಗೊಬ್ಬರ ಬೆರೆಸದ, ಜೇಡಿ ಅಂಶ ಹೆಚ್ಚಿರುವ ತೋಟದ ಅಡಿಮಣ್ಣು.

ಸರಿಪಡಿಸುವುದು ಹೀಗೆ. ಹಳೆಯ ಮಣ್ಣನ್ನು ಪೂರ್ತಿ ತೊಳೆದುಬಿಡಿ. ಲೋಳೆ ಬೇರುಗಳನ್ನು ಕತ್ತರಿಸಿ. ಬೇರು ಅರ್ಧ ಹೋಗಿದ್ದರೆ ಎಲೆಯನ್ನೂ ಅಷ್ಟೇ ತೆಗೆಯಿರಿ. ಉಳಿದ ಬೇರು ಅಷ್ಟೊಂದು ಎಲೆಗೆ ನೀರು ಒದಗಿಸಲಾರದು. ಹೊಸ ಮಣ್ಣಿನಲ್ಲಿ ಗಟ್ಟಿಯಾಗಿ ಒತ್ತಿ ನೆಟ್ಟು, ಮೇಲೆ 2 ಸೆಂ.ಮೀ. ತೊಳೆದ ಜಲ್ಲಿ ಹರಡಿ. ಕೊಳಕ್ಕಿಳಿಸುವ ಮೊದಲು ಬಕೆಟ್ ನೀರಿನಲ್ಲಿ ಗುಳ್ಳೆ ನಿಲ್ಲುವವರೆಗೆ ಅದ್ದಿಡಿ, ಇಲ್ಲದಿದ್ದರೆ ಒಳಗಿನ ಗಾಳಿ ಹೊರಬರುವಾಗ ಮಣ್ಣನ್ನೂ ಎಬ್ಬಿಸಿ ನೀರು ಕದಡುತ್ತದೆ. ಹೊಸ ಎಲೆ ಬರುವವರೆಗೆ ಬುಡ ನೀರಿನ ಮಟ್ಟಕ್ಕೇ ಇರಲಿ, ಆಳ ಬೇಡ.

ಐರಿಸ್, ಕ್ಯಾನಾಗಳ ಗಡ್ಡೆ ಮೆತ್ತಗಾಗಿ ನಾರುತ್ತಿದ್ದರೆ ಅದು ಕೊಳೆರೋಗ. ಚಾಕುವಿನಿಂದ ಬಿಳಿ, ಗಟ್ಟಿ ಭಾಗ ಸಿಗುವವರೆಗೆ ಕೊಯ್ದು ಬಿಸಾಡಿ. ಪ್ರತಿ ಕೊಯ್ತಕ್ಕೂ ಚಾಕು ಒರೆಸಿ. ಉಳಿದ ತುಂಡನ್ನು ಒಂದು ದಿನ ನೆರಳಿನಲ್ಲಿ ಆರಲು ಬಿಟ್ಟು ನೆಡಿ. ಐರಿಸ್ ಗಡ್ಡೆಯ ಬೆನ್ನು ಮಣ್ಣಿನ ಮೇಲ್ಮೈಯಲ್ಲೇ ಕಾಣುತ್ತಿರಲಿ, ಹೂತುಹಾಕಬೇಡಿ.

ಇನ್ನೊಂದು ಕಾರಣ ಯಾರಿಗೂ ಥಟ್ಟನೆ ಹೊಳೆಯುವುದಿಲ್ಲ: ಕತ್ತರಿ. ಜೊಂಡು, ಬಜೆ, ಐರಿಸ್‌ನಂಥ ಗಿಡಗಳ ಎಲೆ, ದಂಟುಗಳೊಳಗೆ ಗಾಳಿಯ ಸಂದುಗಳಿವೆ. ಜ್ಯೂಸ್ ಕುಡಿಯುವ ಸ್ಟ್ರಾ ಹಾಗೆ ಅವು ಮೇಲಿನ ಗಾಳಿಯನ್ನು ಗಡ್ಡೆಯವರೆಗೆ ಇಳಿಸುತ್ತವೆ. ಒಣಗಿದ ದಂಟು ಕೂಡ ಈ ಕೆಲಸ ಮಾಡುತ್ತದೆ. ಅಂದ ಕಾಣಲಿ ಎಂದು ಎಲ್ಲವನ್ನೂ ನೀರಿನ ಮಟ್ಟಕ್ಕಿಂತ ಕೆಳಗೆ ಕತ್ತರಿಸಿದರೆ ಸಂದುಗಳಿಗೆ ನೀರು ನುಗ್ಗಿ ಗಡ್ಡೆಗೆ ಉಸಿರು ಕಟ್ಟುತ್ತದೆ. ಬೇಡದ ಜೊಂಡನ್ನು ನಾಶ ಮಾಡಲು ಬಳಸುವ ಉಪಾಯವೇ ಇದು. ಹಾಗಾಗಿ ಕತ್ತರಿಸುವಾಗ ನೀರಿನ ಮೇಲೆ ಒಂದು ಗೇಣಷ್ಟು ದಂಟು ಬಿಡಿ. ಮಳೆ ಬಂದು ಮಟ್ಟ ಏರಿದರೂ ತುದಿ ಮುಳುಗಬಾರದು.

ಹಳದಿ: ಯಾವ ಎಲೆ ಮೊದಲು?

ಬೇರು, ಆಳ ಎರಡೂ ಸರಿಯಿದ್ದು ಎಲೆ ಹಳದಿಯಾಗುತ್ತಿದ್ದರೆ ಮಾತ್ರ ಪೋಷಣೆಯ ಕಡೆ ನೋಡಿ. ಇಲ್ಲಿ ಕೇಳಬೇಕಾದದ್ದು ಒಂದೇ. ಹಳದಿ ಶುರುವಾದದ್ದು ಕೆಳಗಿನ ಹಳೆಯ ಎಲೆಯಲ್ಲೋ, ಸುಳಿಯ ಹೊಸ ಎಲೆಯಲ್ಲೋ?

ಕೆಳಗಿನ ಒಂದು ಎಲೆ ಹಳದಿಯಾಗಿ ಒಣಗಿ, ಮೇಲೊಂದು ಹೊಸದು ಬಂದರೆ ಅದು ವಯಸ್ಸು, ತೊಂದರೆಯಲ್ಲ. ಕೆಳಗಿನ ಹಲವು ಎಲೆಗಳು ಒಟ್ಟಿಗೆ, ಇಡಿಯಾಗಿ ಹಳದಿಯಾಗಿ, ಗಿಡ ಕುಗ್ಗಿದ್ದರೆ ಸಾರಜನಕದ ಕೊರತೆ. ಸಾಲದಾದಾಗ ಗಿಡ ಹಳೆಯ ಎಲೆಯಿಂದ ಸಾರಜನಕವನ್ನು ಹಿಂದಕ್ಕೆಳೆದು ಸುಳಿಗೆ ಕೊಡುತ್ತದೆ. ಹಳೆಯ ಎಲೆಯ ಅಂಚು ಮಾತ್ರ ಸುಟ್ಟಂತೆ ಕಂದಾದರೆ ಪೊಟ್ಯಾಷ್ ಕಡೆ ಅನುಮಾನ ಹೋಗಬೇಕು.

ಆದರೆ ಗೊಬ್ಬರ ಹಾಕುವ ಮೊದಲು ಕುಂಡವನ್ನು ನೋಡಿ. ಬೇರು ಸುತ್ತಿ ಸುತ್ತಿ ಮಣ್ಣೇ ಕಾಣದಂತಾಗಿದ್ದರೆ ಗಿಡಕ್ಕೆ ಬೇಕಿರುವುದು ಜಾಗ. ಎರಡು ಮೂರು ಹೋಳು ಮಾಡಿ, ಹೊರಗಿನ ಎಳೆಯ ಭಾಗವನ್ನು ಹೊಸ ಮಣ್ಣಿನಲ್ಲಿ ನೆಡಿ. ನಡುವಿನ ಮುದಿ ಭಾಗ ಬಿಸಾಡಿ. ಜಾಗವಿದ್ದೂ ಹಳದಿಯಾದರೆ ನಿಧಾನವಾಗಿ ಕರಗುವ ಗೊಬ್ಬರದ ಮಾತ್ರೆಯನ್ನು ಬೇರಿನ ಹತ್ತಿರ 8ರಿಂದ 10 ಸೆಂ.ಮೀ. ಒಳಗೆ ಒತ್ತಿ, ತೂತು ಮುಚ್ಚಿ. ಬೆಳೆಯುವ ಕಾಲದಲ್ಲಿ ಮಾತ್ರ. ನೀರಿಗೆ ಎರಚಿದ ಗೊಬ್ಬರ ಗಿಡಕ್ಕಿಂತ ಮೊದಲು ಪಾಚಿಗೆ ಸಿಗುತ್ತದೆ. ಮೀನಿರುವ ಕೊಳದಲ್ಲಂತೂ ಅವುಗಳ ಹಿಕ್ಕೆಯಿಂದಲೇ ನೀರಿನಲ್ಲಿ ಸಾರಜನಕ ಸಾಕಷ್ಟಿರುತ್ತದೆ.

ಹೊಸ ಎಲೆಯೇ ಹಳದಿಯಾಗಿ ಅಥವಾ ಬಿಳಿಚಾಗಿ, ನರಗಳು ಮಾತ್ರ ಹಸಿರಾಗಿ ಉಳಿದರೆ ಅದು ಕಬ್ಬಿಣದ ಕೊರತೆ. ಕೆಸರಿನಲ್ಲಿ ಕಬ್ಬಿಣಕ್ಕೆ ಬರ ಇರುವುದಿಲ್ಲ. ಗಾಳಿಯಿಲ್ಲದ ಮಣ್ಣಿನಲ್ಲಿ ಅದು ಕರಗುವ ರೂಪಕ್ಕೆ ಬರುತ್ತದೆ. ಹಾಗಾಗಿ ಈ ಲಕ್ಷಣ ಹೆಚ್ಚಾಗಿ ಕಾಣುವುದು ಬರೀ ಜಲ್ಲಿಯಲ್ಲಿ ಅಥವಾ ನೀರು ಹರಿಯುವ ಕಾಲುವೆಯಲ್ಲಿ ಬೇರು ಬಿಟ್ಟ ಗಿಡಗಳಲ್ಲಿ, ಅದೂ ನೀರು ಕ್ಷಾರವಾಗಿರುವಾಗ. ಪಿಎಚ್ 8 ದಾಟಿದ ನೀರಿನಲ್ಲಿ ಕಬ್ಬಿಣ ಇದ್ದೂ ಇಲ್ಲದಂತೆ.

ಪಿಎಚ್ ಅನ್ನು ಒಂದು ಸಲ ಅಳೆದು ನಂಬಬೇಡಿ. ಹಗಲಲ್ಲಿ ಪಾಚಿ ನೀರಿನ ಇಂಗಾಲದ ಡೈಆಕ್ಸೈಡನ್ನು ಹೀರುವುದರಿಂದ ಸಂಜೆಗೆ ಪಿಎಚ್ ಏರುತ್ತದೆ, ರಾತ್ರಿ ಮತ್ತೆ ಇಳಿಯುತ್ತದೆ. ಬೆಳಗಿನ ಜಾವ ಒಮ್ಮೆ, ಸಂಜೆ ಒಮ್ಮೆ ಅಳೆಯಿರಿ. ಸಂಜೆ ಮಾತ್ರ ಜಾಸ್ತಿಯಿದ್ದರೆ ಕಾರಣ ಪಾಚಿ. ಬೆಳಗ್ಗೆಯೂ ಜಾಸ್ತಿಯಿದ್ದರೆ ಎಲ್ಲಿಂದಲೋ ಸುಣ್ಣ ಸೇರುತ್ತಿದೆ, ಅಥವಾ ನೀವು ತುಂಬುವ ನೀರೇ ಗಡಸು. ಕೊಳದಲ್ಲಿರುವ ಕಲ್ಲಿನ ಮೇಲೆ ಎರಡು ಹನಿ ವಿನೆಗರ್ ಬಿಡಿ. ನೊರೆಗುಳ್ಳೆ ಎದ್ದರೆ ಅದು ಸುಣ್ಣದ ಕಲ್ಲು. ಅಮೃತಶಿಲೆಯ ಚೂರು, ಚಿಪ್ಪುಗಳೂ ಅಷ್ಟೇ. ಅವನ್ನು ತೆಗೆಯಿರಿ.

ಹೊಸ ಸಿಮೆಂಟಿನ ಕೊಳದಲ್ಲಿ ಪಿಎಚ್ 10 ದಾಟುವುದು ಅಪರೂಪವಲ್ಲ. ನೀರು ತುಂಬಿಸಿ, ಕೆಲವು ದಿನ ಬಿಟ್ಟು, ಖಾಲಿ ಮಾಡಿ, ಮತ್ತೆ ತುಂಬಿಸಿ. ಪಿಎಚ್ ಇಳಿದು ನಿಲ್ಲುವವರೆಗೆ ಗಿಡವನ್ನೂ ಮೀನನ್ನೂ ಹಾಕಬೇಡಿ. ಕಾಯುವ ತಾಳ್ಮೆ ಇಲ್ಲದಿದ್ದರೆ ಕೊಳಕ್ಕೆಂದೇ ಇರುವ ಸೀಲರ್ ಬಳಿಯಿರಿ. ಪಿಎಚ್ ಇಳಿಸಲು ಕೊಳಕ್ಕೆ ಆಮ್ಲವನ್ನೋ ವಿನೆಗರನ್ನೋ ಸುರಿಯುವ ಸಲಹೆ ಆಗಾಗ ಕೇಳಿಬರುತ್ತದೆ. ದಯವಿಟ್ಟು ಬೇಡ. ಅದು ಥಟ್ಟನೆ ಇಳಿದು, ಸುಣ್ಣ ಮತ್ತೆ ಬಿಟ್ಟಾಗ ಏರುತ್ತದೆ. ಈ ಏರಿಳಿತವೇ ಮೀನನ್ನು ಕೊಲ್ಲುತ್ತದೆ. ಕಬ್ಬಿಣ ಕೊಡಲೇಬೇಕಾದರೆ ಕುಂಡದ ಮಣ್ಣಿಗೆ ಕೊಡಿ. ಕಬ್ಬಿಣವನ್ನು ಕರಗಿದ ಸ್ಥಿತಿಯಲ್ಲೇ ಹಿಡಿದಿಡುವ ವಸ್ತುವಿನ ಹೆಸರು ಪೊಟ್ಟಣದ ಮೇಲೆ ನೋಡಿ. ಇಡಿಟಿಎ ರೂಪದ್ದು ಕ್ಷಾರದಲ್ಲಿ ಬೇಗ ನಿರುಪಯೋಗಿಯಾಗುತ್ತದೆ. ಇಡಿಡಿಎಚ್‌ಎ ರೂಪದ್ದು ಪಿಎಚ್ 9ರ ಹತ್ತಿರವೂ ಕೆಲಸ ಮಾಡುತ್ತದೆ. ಸ್ವಲ್ಪ ನೀರಿಗೆ ಸೋರಿದರೂ ಕೆಂಪು ಬಣ್ಣ ಬರುತ್ತದೆ, ಹೆದರಬೇಡಿ.

ಹಳದಿ ಎಲೆ ಮತ್ತೆ ಹಸಿರಾಗಲಿ ಎಂದು ಕಾಯುತ್ತಾ ಕೂರಬೇಡಿ. ಹೊಸದಾಗಿ ಬರುವ ಎರಡು ಎಲೆಗಳನ್ನು ನೋಡಿ. ಒಂದು ಸಲಕ್ಕೆ ಒಂದೇ ಬದಲಾವಣೆ ಮಾಡಿ, ಎರಡು ಎಲೆ ಬರುವವರೆಗೆ ಬೇರೇನೂ ಮಾಡಬೇಡಿ. ಇಲ್ಲದಿದ್ದರೆ ಯಾವುದರಿಂದ ಸರಿಹೋಯಿತು ಎಂದು ಗೊತ್ತಾಗುವುದೇ ಇಲ್ಲ.

ತುದಿ ಸುಡುವುದು, ನೀರು ಇಳಿಯುವುದು

ಎಲೆಯ ತುದಿ ಕಂದಾಗಿ ಒಣಗುತ್ತಿದ್ದರೆ ಒಣಗಾಳಿ ಒಂದು ಕಾರಣ, ಉಪ್ಪು ಇನ್ನೊಂದು. ಮೀನಿನ ಚಿಕಿತ್ಸೆಗೆ ಲೀಟರಿಗೆ 3 ಗ್ರಾಂನಂತೆ ಉಪ್ಪು ಹಾಕುವ ರೂಢಿ ಇದೆ. ಮೀನು ತಡೆದುಕೊಳ್ಳುವ ಈ ಪ್ರಮಾಣವನ್ನು ಅಂಚಿನ ಗಿಡಗಳಲ್ಲಿ ಅನೇಕವು ತಡೆಯವು. ನೀರು ಆವಿಯಾದರೂ ಉಪ್ಪು ಹೋಗುವುದಿಲ್ಲ. ಮೇಲಿಂದ ಮೇಲೆ ನೀರು ತುಂಬಿಸಿದರೆ ಪ್ರಮಾಣ ಮೊದಲಿನಷ್ಟಕ್ಕೆ ಬರುತ್ತದೆಯೇ ಹೊರತು ಕಡಿಮೆಯಾಗುವುದಿಲ್ಲ. ಇರುವ ನೀರಿನ ಕಾಲುಭಾಗ ಹೊರತೆಗೆದು ಹೊಸ ನೀರು ತುಂಬಿ. ಕೆಲವು ದಿನ ಬಿಟ್ಟು ಮತ್ತೆ. ಮುಂದಿನ ಸಲ ಕಾಯಿಲೆ ಬಿದ್ದ ಮೀನನ್ನೇ ಬೇರೆ ತೊಟ್ಟಿಗೆ ಹಾಕಿ ಚಿಕಿತ್ಸೆ ಕೊಡಿ.

ಮುಂಜಾನೆ ಕೆಸುವಿನ ಎಲೆಯ ತುದಿಯಲ್ಲಿ ಹನಿ ನಿಂತಿದ್ದರೆ ಅದು ರೋಗವಲ್ಲ, ಇಬ್ಬನಿಯೂ ಅಲ್ಲ. ಬೇರು ಎಳೆದ ಹೆಚ್ಚಿನ ನೀರನ್ನು ಗಿಡ ಎಲೆಯಿಂದ ಹೊರಹಾಕುತ್ತಿದೆ. ಬೇರು ಚೆನ್ನಾಗಿದೆ ಎಂಬ ಸುದ್ದಿ.

ನೀರಿನ ಮಟ್ಟ ಬೇಗ ಇಳಿಯುತ್ತಿದ್ದರೆ ಸೋರುತ್ತಿದೆಯೋ ಆವಿಯಾಗುತ್ತಿದೆಯೋ ತಿಳಿಯಬೇಕು. ಕೊಳದ ಮೆಟ್ಟಿಲ ಮೇಲೆ ಒಂದು ಬಕೆಟ್ ಇಟ್ಟು, ಒಳಗೂ ಹೊರಗೂ ನೀರು ಒಂದೇ ಮಟ್ಟಕ್ಕಿರುವಂತೆ ತುಂಬಿ, ಎರಡೂ ಕಡೆ ಗುರುತು ಹಾಕಿ. ಕಾರಂಜಿ, ಪಂಪು ನಿಲ್ಲಿಸಿ. ಮೀನು ಜಾಸ್ತಿಯಿದ್ದರೆ ಗಾಳಿಯ ಪಂಪು ಮಾತ್ರ ನಡೆಯಲಿ. ಮರುದಿನ ಎರಡೂ ಒಂದೇ ಅಳತೆ ಇಳಿದಿದ್ದರೆ ಆವಿ. ಕೊಳ ಜಾಸ್ತಿ ಇಳಿದಿದ್ದರೆ ಲೈನರ್ ನೋಡುವ ಮೊದಲು ಅಂಚಿನ ಮಣ್ಣು ನೋಡಿ. ಒಳಗಿನ ಒದ್ದೆ ಮಣ್ಣೋ ಬೇರೋ ಲೈನರಿನ ಅಂಚು ದಾಟಿ ಹೊರಗಿನ ನೆಲಕ್ಕೆ ತಾಗಿದ್ದರೆ ನೀರು ಬತ್ತಿಯಲ್ಲಿ ಏರುವ ಎಣ್ಣೆಯ ರೀತಿಯಲ್ಲೇ ಹೊರಗೆ ಹೋಗುತ್ತದೆ. ಅಂಚನ್ನು ಎತ್ತಿ ಆ ಸಂಪರ್ಕ ತಪ್ಪಿಸಿದರೆ ಮುಗಿಯಿತು. ದಟ್ಟವಾಗಿ ಬೆಳೆದ ಪ್ಯಾಪಿರಸ್, ಜೊಂಡುಗಳೂ ಬಿಸಿಲಿನಲ್ಲಿ ಬಹಳ ನೀರು ಎಳೆಯುತ್ತವೆ ಎಂಬುದನ್ನು ಮರೆಯಬೇಡಿ.

ತೂತು, ಹೇನು, ಚುಕ್ಕೆ

ಕ್ಯಾನಾದ ಬಿಚ್ಚಿಕೊಂಡ ಎಲೆಯಲ್ಲಿ ಅಡ್ಡಲಾಗಿ ಒಂದೇ ಸಾಲಿನಲ್ಲಿ ತೂತುಗಳಿದ್ದರೆ ಹುಳು ಅಷ್ಟು ಕಡೆ ಕಡಿದಿಲ್ಲ. ಎಲೆ ಸುರುಳಿಯಾಗಿದ್ದಾಗ ಒಂದೇ ಕಡೆ ಕೊರೆದಿದೆ, ಬಿಚ್ಚಿದಾಗ ಸಾಲಾಗಿ ಕಾಣುತ್ತಿದೆ. ಅಂದರೆ ಹುಳು ಈಗಲೂ ಯಾವುದೋ ಸುರುಳಿಯೊಳಗೆ ಇರಬಹುದು. ಬಿಚ್ಚದ ಸುಳಿಗಳನ್ನು, ನೂಲಿನಿಂದ ಹೊಲಿದಂತೆ ಮಡಿಸಿಕೊಂಡ ಎಲೆಗಳನ್ನು ಬಿಡಿಸಿ ಹುಡುಕಿ, ಕೈಯಿಂದಲೇ ತೆಗೆಯಿರಿ. ಅಂಚಿನಿಂದ ತಿಂದ ಗುರುತಿದ್ದು ಹಗಲು ಯಾರೂ ಸಿಗದಿದ್ದರೆ ರಾತ್ರಿ ಟಾರ್ಚು ಹಿಡಿದು ನೋಡಿ. ಬಸವನಹುಳುಗಳ ಮೇಲೆ ಸುಮ್ನೆ ಆರೋಪ ಬೇಡ. ಅವುಗಳಲ್ಲಿ ಹೆಚ್ಚಿನವು ಕೊಳೆತ ಎಲೆ, ಪಾಚಿ ತಿನ್ನುತ್ತವೆ. ದೊಡ್ಡ ಜಾತಿಯ ಆಪಲ್ ಬಸವನಹುಳುಗಳು ಮಾತ್ರ ಎಳೆಯ ಗಿಡವನ್ನೇ ಬೋಳಿಸುತ್ತವೆ. ನೀರಿನ ಮೇಲಿನ ದಂಟಿಗೆ ಗುಲಾಬಿ ಬಣ್ಣದ ಮೊಟ್ಟೆಗಳ ಗೊಂಚಲು ಅಂಟಿದ್ದರೆ ಅವು ಬಂದಿವೆ ಎಂದು ತಿಳಿಯಿರಿ. ಗೊಂಚಲನ್ನು ಕೈಗವಸು ಹಾಕಿಕೊಂಡು ಕೆರೆದು ಜಜ್ಜಿಬಿಡಿ.

ಸಸ್ಯಹೇನು ಮುತ್ತಿದರೆ ಪೈಪಿನ ನೀರು ಜೋರಾಗಿ ಬಿಟ್ಟು ಕೊಳಕ್ಕೆ ಬೀಳಿಸಿ. ಮೀನುಗಳಿದ್ದರೆ ಅವೇ ಮುಗಿಸುತ್ತವೆ. ಕೆಲವು ದಿನ ಬಿಟ್ಟು ಮತ್ತೆ ಮಾಡಿ. ಕೊಳದ ಬಳಿ ಕೀಟನಾಶಕ ಬೇಡವೇ ಬೇಡ. ಪೈರೆಥ್ರಾಯ್ಡ್ ಗುಂಪಿನವು ಬಹಳ ಕಡಿಮೆ ಪ್ರಮಾಣದಲ್ಲೇ ಮೀನನ್ನು ಕೊಲ್ಲುತ್ತವೆ. ಸಾಬೂನು ನೀರು, ಬೇವಿನ ಎಣ್ಣೆ ಮನೆಯ ಮದ್ದು ಎಂದು ಧೈರ್ಯ ಮಾಡಬೇಡಿ, ನೀರಿನ ಜೀವಿಗಳಿಗೆ ಅವೂ ಕೆಡುಕು. ಪಾಚಿಗೂ ಶಿಲೀಂಧ್ರಕ್ಕೂ ಬಳಸುವ ತಾಮ್ರದ ಔಷಧಿಗಳು ಬಸವನಹುಳುಗಳನ್ನು ಕೊಲ್ಲುತ್ತವೆ, ಮೃದು ನೀರಿನಲ್ಲಿ ಮೀನನ್ನೂ. ಸಿಂಪಡಿಸಲೇಬೇಕಾದರೆ ಕುಂಡವನ್ನು ಹೊರಗೆ ತೆಗೆದು, ದೂರದ ತೊಟ್ಟಿಯಲ್ಲಿಟ್ಟು ಉಪಚರಿಸಿ.

ಕೆಸುವಿನ ಎಲೆಯಲ್ಲಿ ನೀರಿನಲ್ಲಿ ನೆನೆದಂಥ ದುಂಡು ಕಲೆ ಎದ್ದು, ಉಂಗುರ ಉಂಗುರವಾಗಿ ದೊಡ್ಡದಾಗಿ, ಕಿತ್ತಳೆ ಬಣ್ಣದ ಹನಿ ಒಸರಿದರೆ ಅದು ಎಲೆ ಅಂಗಮಾರಿ. ತಂಪು ರಾತ್ರಿ, ಒದ್ದೆ ಎಲೆ ಇದಕ್ಕೆ ಅನುಕೂಲ. ಕಲೆಯಿರುವ ಎಲೆಗಳನ್ನು ಕಂಡ ದಿನವೇ ಕತ್ತರಿಸಿ ತೆಗೆಯಿರಿ, ಗಿಡಗಳ ನಡುವೆ ಅಂತರ ಕೊಡಿ, ಕಾರಂಜಿಯ ಹನಿ ಎಲೆಗೆ ಬೀಳದಂತೆ ಮಾಡಿ. ಗರಿಯಂತೆ ಹಬ್ಬಿದ ತಿಳಿ ಪಟ್ಟೆಗಳಾದರೆ ಮೊಸಾಯಿಕ್ ನಂಜುರೋಗ. ಕ್ಯಾನಾದಲ್ಲೂ ಹಳದಿ ಗೆರೆ, ತಿರುಚಿದ ಎಲೆ ಕಂಡರೆ ನಂಜಿನ ಅನುಮಾನ. ಇದಕ್ಕೆ ಮದ್ದಿಲ್ಲ. ಗಡ್ಡೆ ಸಮೇತ ಕಿತ್ತು ಬಿಸಾಡಿ, ಹೋಳು ಮಾಡಿ ಯಾರಿಗೂ ಕೊಡಬೇಡಿ.

ಹೂ ಬರುತ್ತಿಲ್ಲ, ಕುಂಡ ನಿಲ್ಲುತ್ತಿಲ್ಲ

ಎಲೆ ಸೊಂಪಾಗಿದ್ದು ಹೂವಿಲ್ಲವಾದರೆ ಬಿಸಿಲು ಎಣಿಸಿ. ಕ್ಯಾನಾ, ಪಿಕರೆಲ್, ಐರಿಸ್‌ಗಳಿಗೆ ದಿನಕ್ಕೆ ಸುಮಾರು 6 ಗಂಟೆ ನೇರ ಬಿಸಿಲು ಬೇಕು. ಬಿಸಿಲಿದ್ದೂ ಇಲ್ಲವಾದರೆ ಸಾರಜನಕ ಜಾಸ್ತಿಯಾಗಿದೆ, ಇಲ್ಲವೇ ಕುಂಡ ಕಿಕ್ಕಿರಿದಿದೆ. ಐರಿಸ್ ಅನ್ನು ಮೂರು ನಾಲ್ಕು ವರ್ಷಕ್ಕೊಮ್ಮೆ ಹೂ ಮುಗಿದ ಮೇಲೆ ಬಿಡಿಸಿ ನೆಡಬೇಕು. ಬಿಡಿಸಿದ ವರ್ಷ ಹೂ ಕಡಿಮೆ.

ಗಾಳಿಗೆ ಕುಂಡ ಉರುಳುತ್ತಿದ್ದರೆ ಎತ್ತರಕ್ಕಿಂತ ಅಗಲ ಜಾಸ್ತಿಯಿರುವ ಕುಂಡಕ್ಕೆ ಬದಲಿಸಿ, ತಳದಲ್ಲಿ ಭಾರದ ಕಲ್ಲಿಡಿ. ಮಣ್ಣು ಕೆದರಿ ಗಿಡವೇ ತೇಲುತ್ತಿದ್ದರೆ ಅದು ಕೋಯಿ ಮೀನಿನ ಕೆಲಸ. ಚಿಕ್ಕ ಜಲ್ಲಿಯನ್ನು ಅವು ಬಾಯಲ್ಲಿ ಎತ್ತಿ ಉಗುಳುತ್ತವೆ. ಬಾಯಿಗೆ ಹಿಡಿಯದ ಗಾತ್ರದ ಕಲ್ಲು ಹೊದಿಸಿ.

ಗಿಡ ಹದ್ದು ಮೀರಿದರೆ

ಜೊಂಡು ಚೆನ್ನಾಗಿ ಬಂದಿದೆ ಎಂದು ಖುಷಿಪಡುವ ಮೊದಲು ಅದರ ಗಡ್ಡೆಯ ತುದಿ ಮುಟ್ಟಿ ನೋಡಿ. ಚೂಪಾದ ಆ ಮೊಳಕೆ ತೆಳು ಲೈನರನ್ನು ತೂತು ಮಾಡಬಲ್ಲದು. ಜೊಂಡನ್ನು ತೂತಿಲ್ಲದ ಗಟ್ಟಿ ಕುಂಡದಲ್ಲೇ ಇಡಿ, ವರ್ಷಕ್ಕೊಮ್ಮೆ ಎತ್ತಿ ಅಂಚು ದಾಟಿದ್ದನ್ನು ಕತ್ತರಿಸಿ. ಕೊಳದ ತಳಕ್ಕೇ ಇಳಿದುಬಿಟ್ಟಿದ್ದರೆ ಎಳೆದು ಕೀಳಬೇಡಿ, ಲೈನರ್ ಹರಿಯುತ್ತದೆ. ದಂಟುಗಳನ್ನು ನೀರಿನಡಿ ಕತ್ತರಿಸಿ, ಹೊಸ ಚಿಗುರು ಬಂದಂತೆಲ್ಲ ಮತ್ತೆ ಕತ್ತರಿಸಿ. ಗಡ್ಡೆ ಸೋತ ಮೇಲೆ ಬಿಡಿಸಿಕೊಳ್ಳುವುದು ಸುಲಭ.

ತೆಗೆದ ಗಿಡ, ಗಡ್ಡೆ, ಬೇರಿನ ಚೂರುಗಳನ್ನು ಚರಂಡಿಗೂ ಹಳ್ಳಕ್ಕೂ ಕೆರೆಗೂ ಎಸೆಯಬೇಡಿ. ಹಳದಿ ಐರಿಸ್ ಉತ್ತರ ಅಮೆರಿಕದ ನೀರಿನ ದಡಗಳಲ್ಲಿ ಹೀಗೆ ತೋಟಗಳಿಂದ ಹೊರಬಿದ್ದೇ ಹಬ್ಬಿದೆ. ಬಿಸಿಲಿನಲ್ಲಿ ಪೂರ್ತಿ ಒಣಗಿಸಿ, ಗಡ್ಡೆ ಮುರಿದರೆ ಒಳಗೂ ಹಸಿ ಇಲ್ಲ ಎಂದು ಖಚಿತವಾದ ಮೇಲೆ ಗೊಬ್ಬರದ ಗುಂಡಿಗೆ ಹಾಕಿ. ನಂಜುರೋಗದ ಗಿಡಗಳನ್ನು ಮಾತ್ರ ಗುಂಡಿಗೂ ಹಾಕದೆ ಚೀಲದಲ್ಲಿ ಕಟ್ಟಿ ಕಸಕ್ಕೆ ಕೊಡಿ.